"ಯಾರಾದ್ರೂ ಇದ್ದೀರಾ?"

ಮೂರು ದಿನದಿಂದ ಒಂದೇ ದನಿ ಕಿವಿಯಲ್ಲಿ ಕೂತುಬಿಟ್ಟಿದೆ. "ಹಲೋ... ಯಾರಾದ್ರೂ ಇದ್ದೀರಾ?"

ಲೈಬ್ರರಿ ಕೆಲಸದವರ ಎರಡು ದಿನದ ಆನ್‌ಲೈನ್ ಕಾನ್ಫರೆನ್ಸ್. ಮೊದಲ ದಿನದ ಕೊನೆಗೆ "ಈಗ ಎಲ್ಲರೂ ಪರಿಚಯ ಮಾಡಿಕೊಳ್ಳಿ" ಅಂತ ನಮ್ಮನ್ನು ಬ್ರೇಕ್‌ಔಟ್ ರೂಮು ಅನ್ನೋ ಪುಟ್ಟ ಪುಟ್ಟ ಆನ್‌ಲೈನ್ ಗುಂಪುಗಳಿಗೆ ತಳ್ಳಿದರು. ನಮ್ಮ ರೂಮಿನಲ್ಲಿ ಒಂಬತ್ತು ಜನ, ಅಂದರೆ ಒಂಬತ್ತು ಕಪ್ಪು ಚೌಕ. ಒಬ್ಬರ ಹೆಸರಿನ ಜಾಗದಲ್ಲಿ ಬರೀ ಫೋನಿನ ಮಾಡೆಲ್ ನಂಬರ್. ಯಾರು ಶುರು ಮಾಡಬೇಕು, ಏನು ಮಾತಾಡಬೇಕು, ಹೇಳಿದವರಿಲ್ಲ.

ಒಂದು ನಿಮಿಷ ಕಳೆದ ಮೇಲೆ ಒಂದು ಕ್ಯಾಮೆರಾ ಆನ್ ಆಯಿತು. ಅರವತ್ತರ ಆಸುಪಾಸಿನ ಮೇಡಂ. ಮುಖಕ್ಕಿಂತ ಹಣೆ ಮತ್ತು ಮೇಲಿನ ಫ್ಯಾನೇ ಜಾಸ್ತಿ ಕಾಣುತ್ತಿತ್ತು. "ಹಲೋ, ಯಾರಾದ್ರೂ ಇದ್ದೀರಾ?" ಅಂದರು.

ನನ್ನ ಬೆರಳು ಅನ್‌ಮ್ಯೂಟ್ ಬಟನ್ ಮೇಲೇ ಇತ್ತು, ಆಣೆಗೂ. ಬೇರೆ ಯಾರಾದರೂ ಮಾತಾಡಲಿ ಅಂತ ಕಾದೆ. ಎಲ್ಲರೂ ಅದನ್ನೇ ಕಾಯುತ್ತಿದ್ದರು ಅನ್ಸುತ್ತೆ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಂದು, ಕನ್ನಡಕ ಮೇಲೇರಿಸಿಕೊಂಡು, ಇನ್ನೊಮ್ಮೆ ಕೇಳಿದರು. "ಯಾರಾದ್ರೂ ಇದ್ದೀರಾ?" ಆಮೇಲೆ ತಮಗೆ ತಾವೇ "ಸರಿ" ಅಂದುಕೊಂಡು ಹೊರಟುಹೋದರು. ಎಂಟು ಚೌಕ ಉಳಿದವು. ರೂಮು ಮುಚ್ಚುವ ಅರವತ್ತು ಸೆಕೆಂಡಿನ ಕೌಂಟ್‌ಡೌನ್ ಬಂದಾಗ ನನಗೆ ಸ್ಕೂಲ್ ಬೆಲ್ ಹೊಡೆದಷ್ಟು ಖುಷಿ. ಆ ಖುಷಿ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತೆ.

ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ ಸಾಕಂತೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದವರಿಗೆ ಸಿಕ್ಕ ಲೆಕ್ಕ ಹೆಚ್ಚುಕಮ್ಮಿ ಇಷ್ಟೇ. ಅಷ್ಟು ಚೂರು ಹೊತ್ತನ್ನು ನೆಟ್‌ವರ್ಕ್ ಮತ್ತು ಮ್ಯೂಟ್ ಬಟನ್ ಸೇರಿ ನುಂಗಿ ನೀರು ಕುಡಿಯುತ್ತವೆ. ತಪ್ಪಿ ಬಾಯಿ ಬಿಟ್ಟರೆ ಇಬ್ಬರೂ ಒಟ್ಟಿಗೆ ಬಿಟ್ಟು, "ನೀವು ಹೇಳಿ", "ಇಲ್ಲ ಇಲ್ಲ, ನೀವು ಹೇಳಿ". ಜೊತೆಗೆ ಜನಸಂದಣಿ ಬೇರೆ. ಮನುಷ್ಯರ ಒಂದು ಹರಟೆಗೆ ನಾಲ್ಕು ಜನ ತುಂಬಿದರೆ ಮುಗೀತು, ಅದಕ್ಕಿಂತ ಜಾಸ್ತಿಯಾದರೆ ಅದು ತಾನಾಗಿ ಎರಡಾಗಿ ಒಡೆಯುತ್ತೆ ಅಂತ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ತೋರಿಸಿದ್ದಾರೆ. ಕಾರಿಡಾರಿನಲ್ಲಿ ನಿಂತಿದ್ದರೆ ಪಕ್ಕದವರ ಕಡೆ ತಿರುಗಬಹುದು. ಚೌಕದಲ್ಲಿ ಕೂತವರು ಯಾವ ಕಡೆ ತಿರುಗೋದು?

ಸುಮ್ನೆ ನೆಪ ಹುಡುಕುತ್ತಿದ್ದೇನಾ? ಇರಬಹುದು. ಮೂರು ನಿಮಿಷ ಉತ್ತರ ಕೊಡದಿದ್ದಕ್ಕೆ ಯಾವ ನೆಟ್‌ವರ್ಕೂ ಕಾರಣ ಅಲ್ಲ.

ಎರಡನೇ ದಿನ ರೂಮು ನೋಡಿಕೊಂಡಿದ್ದು ಒಬ್ಬ ಹುಡುಗಿ. ಜಾಣೆ. "ಕ್ಯಾಮೆರಾ ಆನ್ ಮಾಡಿ ಪ್ಲೀಸ್" ಅಂತ ಗೋಗರೆಯಲಿಲ್ಲ. ಹಾಗೆ ಗೋಗರೆಯುವವರನ್ನು ಕಂಡರೆ ನನಗಾಗದು. ದಿನವಿಡೀ ತನ್ನದೇ ಮುಖ ನೋಡುತ್ತ ಮಾತಾಡುವುದು ಕನ್ನಡಿ ಹಿಡಿದುಕೊಂಡು ಓಡಾಡಿದ ಹಾಗೆ. ಅವಳು ರೂಮಿಗೆ ಮೂರೇ ಜನ ಹಾಕಿದಳು. ಒಂದು ಪುಟ್ಟ ಕೆಲಸ ಕೊಟ್ಟಳು: ವಾಪಸ್ ಬಂದ ಪುಸ್ತಕದೊಳಗೆ ನಿಮಗೆ ಸಿಕ್ಕ ಅತಿ ವಿಚಿತ್ರ ವಸ್ತು ಯಾವುದು? ಅಕಾರಾದಿಯಲ್ಲಿ ಮೊದಲು ಬರುವ ಹೆಸರಿನವರು ಶುರು ಮಾಡಲಿ. ಲೈಬ್ರರಿಯವರಿಗೆ ಇದಕ್ಕಿಂತ ಬೇಕಾ?

ಆ ಫೋನ್ ಮಾಡೆಲ್ ಮಹಾಶಯರು ನನ್ನ ರೂಮಿಗೇ ಬಂದರು. ಹಿಂದಿನ ದಿನ ಇವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರಿಗೆ ಸಿಕ್ಕಿದ್ದು ಒಂದು ಎಕ್ಸ್‌ರೇ, ಪಕ್ಕೆಲುಬಿನದು. ಅದನ್ನು ಮಡಚಿ ಬುಕ್‌ಮಾರ್ಕ್ ಮಾಡಿಕೊಂಡಿದ್ದನಂತೆ ಪುಣ್ಯಾತ್ಮ. "ಫೋನ್ ಮಾಡಿ ತಿಳಿಸಿದೆ ಸರ್. ಅವನು ಕೇಳಿದ್ದು ಒಂದೇ, ಯಾವ ಪುಟದಲ್ಲಿತ್ತು?" ನಾನು ನಕ್ಕ ನಗೆಗೆ ಮೈಕ್ ಕಿರ್ ಅಂತು. ಕೌಂಟ್‌ಡೌನ್ ಬಂದಾಗ ಮೂವರೂ "ಅಯ್ಯೋ, ಆಗಲೇನಾ" ಅಂದೆವು. ಕ್ಯಾಮೆರಾಗಳು ಯಾವಾಗ ಆನ್ ಆದವೋ ಗೊತ್ತಿಲ್ಲ.

ಆ ಧೈರ್ಯದಲ್ಲೇ ಪಟ್ಟಿಯಲ್ಲಿ ಮೇಡಂ ಹೆಸರು ಹುಡುಕಿ ಚಾಟ್‌ನಲ್ಲಿ ಬರೆದೆ. "ನಿನ್ನೆ ನೀವು ಕರೆದಾಗ ನಾನೂ ಇದ್ದೆ ಮೇಡಂ. ಮಾತಾಡಲಿಲ್ಲ. ಸಾರಿ."

ಅವರು ಬಹಳ ಹೊತ್ತು ಟೈಪ್ ಮಾಡಿದರು. ನಿಲ್ಲಿಸಿದರು. ಮತ್ತೆ ಮಾಡಿದರು.

"ಹೌದಾ! ಅಯ್ಯೋ, ನನ್ನ ಮೈಕೇ ಕೆಟ್ಟಿದೆ ಅಂದ್ಕೊಂಡು ರಾತ್ರಿಯೇ ಹೊಸ ಹೆಡ್‌ಸೆಟ್ ಆರ್ಡರ್ ಮಾಡಿಬಿಟ್ಟೆನಲ್ಲ!"