ಆತ ಗಂಗೆಯಲ್ಲಿ ಮಿಂದನೇ?

ಬಿ.ಎ. ಅಂತಿಮ ವರ್ಷದಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ನಾವು ಒಂದು ಬೆಂಚಿಗೆ ಹಿಡಿಸುವಷ್ಟೇ ಇದ್ದೆವು. ‘ಬ್ರಹ್ಮ ಸತ್ಯಂ ಜಗನ್ಮಿಥ್ಯಾ’ ಎಂಬುದನ್ನು ನೋಟ್ಸಿನಿಂದ ಬಾಯಿಪಾಠ ಮಾಡಿ ಅಂಕ ಗಿಟ್ಟಿಸುವ ನಮ್ಮ ಚಾಳಿಯನ್ನು ಕಂಡು ಬೇಸತ್ತೋ ಏನೋ, ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಪಠ್ಯವನ್ನು ಬದಿಗಿಟ್ಟು, ಶಂಕರಾಚಾರ್ಯರದೆನ್ನುವ ಐದು ಶ್ಲೋಕಗಳ ಮನೀಷಾ ಪಂಚಕವನ್ನು ಕರಿಹಲಗೆಯ ಮೇಲೆ ಬರೆಯತೊಡಗಿದರು.

ಕಥೆ ಬಹಳ ಜನರಿಗೆ ಗೊತ್ತಿರುವಂಥದ್ದೇ. ಕಾಶಿಯಲ್ಲಿ ಗಂಗಾಸ್ನಾನಕ್ಕೆ ಹೊರಟ ಶಂಕರಾಚಾರ್ಯರಿಗೆ ನಾಯಿಗಳೊಡನೆ ಬರುತ್ತಿದ್ದ ಚಂಡಾಲನೊಬ್ಬ ಎದುರಾಗುತ್ತಾನೆ. ‘ದೂರ ಸರಿ’ ಎಂದ ಅವರನ್ನು ಆತ, ಸರಿಯಬೇಕಾದದ್ದು ಯಾವುದು, ಅನ್ನದಿಂದಾದ ದೇಹವು ಅನ್ನದಿಂದಲೇ ಆದ ಇನ್ನೊಂದು ದೇಹದಿಂದಲೋ, ಚೈತನ್ಯವು ಚೈತನ್ಯದಿಂದಲೋ ಎಂದು ಕೇಳುತ್ತಾನೆ. ಗಂಗೆಯಲ್ಲಿ ಬಿಂಬಿಸುವ ಸೂರ್ಯನಿಗೂ ತನ್ನ ಕೇರಿಯ ನೀರಿನಲ್ಲಿ ಬಿಂಬಿಸುವ ಸೂರ್ಯನಿಗೂ ಭೇದವುಂಟೇ ಎನ್ನುತ್ತಾನೆ. ಈ ಅರಿವು ಯಾರಲ್ಲಿದೆಯೋ ಅವನು ಚಂಡಾಲನಾಗಲಿ ದ್ವಿಜನಾಗಲಿ, ಅವನೇ ಗುರುವೆಂಬುದು ತನ್ನ ನಿಶ್ಚಯ ಎಂದು ಆಚಾರ್ಯರು ಉತ್ತರಿಸುತ್ತಾರೆ. ಎಲ್ಲವೂ ಒಂದೇ ಎಂದು ಬೋಧಿಸುತ್ತಿದ್ದವರ ಬಾಯಿಂದಲೇ ‘ದೂರ ಸರಿ’ ಎಂಬ ಮಾತು ಹೊರಟಿತೆಂಬುದನ್ನು ಹೇಳುವಾಗ ಮೇಷ್ಟ್ರು ಆ ಪದಗಳ ಕೆಳಗೆ ಗೆರೆ ಎಳೆದರು.

ಆಗ ಮಂಗಳೂರು ಕಡೆಯ ನಮ್ಮ ಸಹಪಾಠಿ ಎದ್ದು ನಿಂತು, ‘ಸರ್, ಕೊನೆಗೆ ಆತ ಗಂಗೆಯಲ್ಲಿ ಮಿಂದನೇ?’ ಎಂದು ಕೇಳಿದಳು. ಮೇಷ್ಟ್ರು ಸೀಮೆಸುಣ್ಣವನ್ನು ಕೆಳಗಿಟ್ಟರು. ಸಂಪ್ರದಾಯದ ಕಥೆಯಲ್ಲಿ ಆತ ವೇಷ ಮರೆಸಿ ಬಂದ ಶಿವನೆಂದು ಹೇಳಿ, ‘ಹಾಗಾದರೆ ಆಚಾರ್ಯರು ಕೈಮುಗಿದದ್ದು ಶಿವನಿಗಾಯಿತು, ನಾಯಿಗಳೊಡನೆ ಬಂದ ಮನುಷ್ಯ ಎಲ್ಲಿ ಹೋದನಮ್ಮಾ?’ ಎಂದರು. ಪರಮಾರ್ಥದಲ್ಲಿ (ಅಂತಿಮ ಸತ್ಯದಲ್ಲಿ) ಏಕತ್ವ, ವ್ಯವಹಾರದಲ್ಲಿ (ನಿತ್ಯದ ಬದುಕಿನಲ್ಲಿ) ಭೇದ ಎಂಬ ಎರಡು ನೆಲೆಗಳ ವಿವರಣೆ ತರ್ಕಕ್ಕೆ ಎಷ್ಟು ಒಪ್ಪುತ್ತದೆಯೋ ಮನಸ್ಸಾಕ್ಷಿಗೆ ಅಷ್ಟೇ ಸುಲಭದ ದಾರಿಯಾಗಿಬಿಡುತ್ತದೆ ಎಂಬುದನ್ನು, ಬ್ರಹ್ಮಸೂತ್ರ ಭಾಷ್ಯದ ಅಪಶೂದ್ರಾಧಿಕರಣವೆಂಬ ಭಾಗದಲ್ಲಿ ಅದೇ ಶಂಕರರು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ಸಮರ್ಥಿಸಿರುವುದನ್ನು ಮುಂದಿಟ್ಟು, ಅವರು ಬಿಡಿಸಿ ಹೇಳಿದರು. ಅದ್ವೈತವನ್ನು ಅಷ್ಟು ಪ್ರೀತಿಸುತ್ತಿದ್ದವರು ಅದರ ಬಿರುಕನ್ನು ನಮ್ಮಿಂದ ಮುಚ್ಚಿಡಲಿಲ್ಲವೆಂಬುದೇ ಅವರ ಮೇಲಿನ ನನ್ನ ಗೌರವಕ್ಕೆ ಕಾರಣ.

ಸಹಪಾಠಿ ಅಷ್ಟಕ್ಕೇ ಬಿಡಲಿಲ್ಲ. ಅದೇ ಅದ್ವೈತವನ್ನು ಹಿಡಿದು ನಾರಾಯಣ ಗುರುಗಳು 1888ರಲ್ಲಿ ಕೇರಳದ ಅರುವಿಪ್ಪುರದಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನೂ, ದೇವಸ್ಥಾನಗಳ ಹೊರಗೆ ನಿಲ್ಲಬೇಕಾಗಿದ್ದ ಬಿಲ್ಲವರಿಗಾಗಿ 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ನೆರವೇರಿಸಿದ್ದನ್ನೂ ಆಕೆ ಮನೆಯ ಮಾತಿನಂತೆ ವಿವರಿಸಿದಳು. ಎಲ್ಲರೂ ಒಂದೇ ಎಂದಮೇಲೆ ಜಾತಿಯ ಹೆಸರನ್ನು ಮರೆತರಾಗದೇ ಎಂದು ನಮ್ಮಲ್ಲೊಬ್ಬ ಕೇಳಿದ್ದಕ್ಕೆ, ‘ನಾವು ಬಿಲ್ಲವರು ಎನ್ನುವುದನ್ನು ಮರೆತರೆ ಆ ದೇವಸ್ಥಾನ ಯಾಕೆ ಬೇಕಾಯಿತು ಎನ್ನುವುದೂ ಮರೆತುಹೋಗುತ್ತದೆ ಮಾರಾಯ’ ಎಂದಳು. ಏಕತ್ವದ ನಂಬಿಕೆಯು ನಾನು ಯಾರೆಂಬುದನ್ನು ಅಳಿಸಿಹಾಕುತ್ತದೆಂದು ಅಲ್ಲಿಯವರೆಗೆ ತಿಳಿದಿದ್ದ ನನಗೆ, ಅಳಿಸಿಕೊಳ್ಳಬೇಕೆಂದು ಸಾಮಾನ್ಯವಾಗಿ ಯಾರಿಗೆ ಹೇಳಲಾಗುತ್ತದೆ ಎಂಬುದು ಅಂದು ಹೊಳೆಯಿತು.

ಈಚೆಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳ ಅಧ್ಯಯನವೊಂದನ್ನು ಓದಿದೆ. ಎಲ್ಲವೂ ಮೂಲತಃ ಒಂದೇ ಎಂದು ನಂಬುವವರು ತಮ್ಮ ಗುರುತಿನೊಳಗೆ ಇತರ ಮನುಷ್ಯರನ್ನೂ ಪ್ರಾಣಿಗಳನ್ನೂ ಪ್ರಕೃತಿಯನ್ನೂ ಸೇರಿಸಿಕೊಳ್ಳುತ್ತಾರೆ, ಪರರ ಬಗ್ಗೆ ಅವರಲ್ಲಿ ಅನುಕಂಪವೂ ಹೆಚ್ಚು ಎಂಬುದು ಅದರ ಸಾರ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನಾವಳಿಗೆ ಉತ್ತರ ತುಂಬುವಾಗ ಯಾರೂ ಇಕ್ಕಟ್ಟಾದ ದಾರಿಯಲ್ಲಿ ಎದುರಾಗುವುದಿಲ್ಲ. ಆಚಾರ್ಯರನ್ನೂ ಆ ಗಳಿಗೆಗೆ ಮುನ್ನ ಕೇಳಿದ್ದರೆ ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎಂದೇ ಗುರುತು ಹಾಕುತ್ತಿದ್ದರು.

ಆ ತಿಂಗಳ ಕಿರುಪರೀಕ್ಷೆಯಲ್ಲಿ ಮೇಷ್ಟ್ರು ಸಹಪಾಠಿಯ ಪ್ರಶ್ನೆಯನ್ನೇ ಐದು ಅಂಕಗಳಿಗೆ ಕೊಟ್ಟರು. ನಾನು ಪಾರಮಾರ್ಥಿಕ ಸತ್ತೆ, ವ್ಯಾವಹಾರಿಕ ಸತ್ತೆ ಎಂದು ಪುಟಗಟ್ಟಲೆ ಬರೆದು ಎರಡೂವರೆ ಅಂಕ ಪಡೆದೆ. ‘ಮಿಂದಿರಲಾರ; ಘಾಟಿನಲ್ಲಿ ಆಚಾರ್ಯರೊಬ್ಬರೇ ಇರಲಿಲ್ಲ’ ಎಂದು ಒಂದೇ ಸಾಲು ಬರೆದ ಆಕೆಗೆ ಐದಕ್ಕೆ ಐದೂ ಬಂದವು.