ಕಾರಂತರು ಸಂಗೀತಗಾರರಾ, ನಿರ್ದೇಶಕರಾ?

ರಂಗಗೀತೆ ಹೇಳಿಕೊಡಲು ಎಲ್ಲೇ ಹೋಗಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಬಿ.ವಿ. ಕಾರಂತರು ಹಾಡುಗಳಿಗೆ ಒಳ್ಳೆ ಧಾಟಿ ಹಾಕಿದರು, ಸರಿ. ನಿರ್ದೇಶಕರಾಗಿ ಹೊಸದೇನು ಮಾಡಿದರು?"

ಅವೆರಡನ್ನೂ ಬೇರೆ ಮಾಡಿದರೆ ಕಾರಂತರು ಕೈಗೆ ಸಿಗುವುದಿಲ್ಲ. ಅವರು ನಾಟಕವನ್ನು ಕಿವಿಯಿಂದ ಕಟ್ಟಿದವರು.

'ಸತ್ತವರ ನೆರಳು' ನಾಟಕವನ್ನೇ ನೋಡಿ. ಶ್ರೀರಂಗರು ಬರೆದದ್ದು ಮಠದೊಳಗಿನ ಕಥೆ, ಮಾತೇ ಜಾಸ್ತಿ. ಕಾರಂತರು ಅದರೊಳಗೆ ದಾಸರ ಪದಗಳನ್ನು ತಂದರು. ನಾನು ಮೊದಲ ಸಲ ನೋಡಿದಾಗ ಬೆಚ್ಚಿಬಿದ್ದಿದ್ದೆ. ಮನೆಯಲ್ಲಿ ಅಜ್ಜಿ ದೀಪ ಹಚ್ಚಿ ಹೇಳುತ್ತಿದ್ದ ಪದಗಳು ಅಲ್ವಾ ಇವು? ಇಲ್ಲಿ ಮೇಳದವರು ಹಾಡುತ್ತಿದ್ದರೆ ಮಠದವರ ಬಣ್ಣ ಒಂದೊಂದಾಗಿ ಬಯಲಾಗುತ್ತಿತ್ತು. ಪದ ಬಂತೆಂದು ನಾಟಕ ನಿಲ್ಲಲಿಲ್ಲ. ಮಾತು ಹೇಳಲಾಗದ್ದನ್ನು ಪದ ಹೇಳಿತು. ಅದು ನಿರ್ದೇಶನವಲ್ಲದೆ ಇನ್ನೇನು?

ಈ ಕಿವಿ ಸುಮ್ನೆ ಬಂದದ್ದಲ್ಲ. 1929ರಲ್ಲಿ ಬಂಟ್ವಾಳದ ಹತ್ತಿರದ ಮಂಚಿಯಲ್ಲಿ ಹುಟ್ಟಿದ ಹುಡುಗ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ. ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತಾಯಿತು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮುಂದೆ 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು. ಕಂಪನಿ ನಾಟಕದ ಹಾರ್ಮೋನಿಯಂ, ಕರಾವಳಿಯ ಚೆಂಡೆ, ಕಾಶಿಯ ರಾಗ ಯಾವುದನ್ನೂ ಅವರು ಬಿಟ್ಟುಕೊಡಲಿಲ್ಲ. 1979ರ 'ಬರ್ನಮ್ ವನ' ನೋಡಿದರೆ ಗೊತ್ತಾಗುತ್ತದೆ. ಮ್ಯಾಕ್‌ಬೆತ್ ಕಥೆ, ರಘುವೀರ ಸಹಾಯ್ ಅವರ ಹಿಂದಿ, ನಡಿಗೆ ನಮ್ಮ ಯಕ್ಷಗಾನದ್ದು!

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಮಾಡಿಸಿದರು. ಬೆನಕ ನಾಟಕ ತಂಡ ಕಟ್ಟಿದರು. ಭೋಪಾಲದ ರಂಗಮಂಡಲ ಎಂಬ ನಾಟಕ ತಂಡ ಬೆಳೆಸಿದರು, 1989ರಲ್ಲಿ ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಶುರು ಮಾಡಿದರು. ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅವರಿಗೆ ಕಲ್ಲು, ಡಬ್ಬ, ಬಿದಿರು ಎಲ್ಲವೂ ವಾದ್ಯವಾಗಿತ್ತು.

ಹೋದ ಬೇಸಿಗೆ ಶಿಬಿರದಲ್ಲಿ ನಮಗೊಂದು ಎತ್ತಿನಗಾಡಿಯ ಸದ್ದು ಬೇಕಿತ್ತು. ಮೊಬೈಲಿನಲ್ಲಿ ಹುಡುಕಿದ ಸದ್ದಿಗೆ ಜೀವವೇ ಇರಲಿಲ್ಲ. ಕಾರಂತರನ್ನು ನೆನೆದು, ಒಣಗಿದ ಅಡಿಕೆ ಹಾಳೆಯೊಂದನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಸಿಮೆಂಟು ನೆಲದ ಮೇಲೆ ಎಳೆದಳು. ಕರ್‍ರ್... ಕರ್‍ರ್. ಇನ್ನೊಬ್ಬ ಎರಡು ತೆಂಗಿನ ಕರಟ ತಟ್ಟಿದ. ಮೂಲೆಯಲ್ಲಿ ನಿಂತಿದ್ದ ಹುಡುಗ ಯಾರೂ ಹೇಳದೆಯೇ ಎತ್ತಿನ ಹಾಗೆ ತಲೆ ತಗ್ಗಿಸಿ ನಡೆಯತೊಡಗಿದ. ಸದ್ದೇ ಅವನಿಗೆ ನಡಿಗೆ ಕಲಿಸಿತು.

ಕಾರಂತರ ಕೆಲವು ನಾಟಕಗಳಲ್ಲಿ ಹಾಡು ಮಾತಿಗಿಂತ ಮುಂದೆ ಓಡಿದ್ದೂ ಉಂಟು. ನಾನು ಒಪ್ಪುತ್ತೇನೆ. ಆದರೆ ಈಗ ಅವರ ಹಾಡುಗಳನ್ನಷ್ಟೇ ಕಿತ್ತು ವೇದಿಕೆಯಲ್ಲಿ ಸಾಲಾಗಿ ಹಾಡುವಾಗ ನನಗೆ ಸಂಕಟವಾಗುತ್ತದೆ. ಯಾರು ಹಾಡುತ್ತಿದ್ದಾರೆ, ಎದುರಿಗೆ ಯಾರಿದ್ದಾರೆ, ಆಗಷ್ಟೇ ಏನಾಯಿತು ಎಂಬುದೆಲ್ಲ ಆ ಧಾಟಿಯೊಳಗೇ ಇದೆ.

ಅದಕ್ಕೇ ನನ್ನ ತರಗತಿಯಲ್ಲಿ ಮೊದಲು ದೃಶ್ಯ ಓದಿಸುತ್ತೇನೆ. ಶ್ರುತಿಪೆಟ್ಟಿಗೆ ಆಮೇಲೆ.