ಬಣ್ಣ ಯಾವಾಗ ಹಚ್ತೀಯ?

ಬೂದು ಬಣ್ಣ ಹಚ್ಚುವುದು ಸುಲಭ ಅಂದುಕೊಂಡವರು ಒಂದು ಸಲ ಸುಖೋಯ್ ಮಾಡಿ ನೋಡಬೇಕು.

ಪ್ಲಾಸ್ಟಿಕ್ ಕಿಟ್ ತರಿಸಿ ವಿಮಾನ ಜೋಡಿಸುವ ಹುಚ್ಚು ನನಗೆ ಹಳೆಯದು. ಈ ಸಲ ಕೈಗೆತ್ತಿಕೊಂಡಿದ್ದು ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐ. ಅಳತೆ 1/72. ಈ ವಿಚಿತ್ರ ಲೆಕ್ಕ ಬಂದಿರುವುದು ಅಡಿ-ಇಂಚಿನಿಂದ. ಆರಡಿ ಎತ್ತರದ ಪೈಲಟ್ ಇಲ್ಲಿ ಒಂದಿಂಚು ಆಗುತ್ತಾನೆ. 22 ಮೀಟರ್‌ಗೆ ಚೂರು ಕಮ್ಮಿ ಇರುವ ವಿಮಾನ ಒಂದಡಿ ಸ್ಕೇಲಿನಷ್ಟಾಗುತ್ತದೆ, ರೆಕ್ಕೆ ತುದಿಯಿಂದ ತುದಿಗೆ 20 ಸೆಂಟಿಮೀಟರ್. ಕುವೆಂಪುನಗರದ ನಮ್ಮ ಮನೆಯ ಶೋಕೇಸಿನಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವೂ ಇಲ್ಲ, ಅಮ್ಮನ ಅನುಮತಿಯೂ ಇಲ್ಲ.

ಅನುಮತಿ ವಿಷಯ ಬಂತಲ್ಲ, ಈ ಸಲ ಅಮ್ಮನೇ ಒಂದು ಷರತ್ತು ಹಾಕಿದ್ದರು. "ಗೊಂಬೆ ಕೂರ್ಸೋ ಹೊತ್ತಿಗೆ ಮುಗಿಸ್ಬೇಕು. ಕೆಳಗಡೆ ಪಾರ್ಕ್ ಪಕ್ಕ ಏರ್‌ಪೋರ್ಟ್ ಮಾಡ್ತೀನಿ." ದಸರಾ ಗೊಂಬೆ ಅಂದರೆ ಮೈಸೂರಿನ ಮನೆಗಳಲ್ಲಿ ತಮಾಷೆಯ ಮಾತಲ್ಲ. ಅಟ್ಟದಿಂದ ಟ್ರಂಕ್ ಇಳಿದ ದಿನ ಮನೆಯ ಬೇರೆ ಕೆಲಸಗಳೆಲ್ಲ ನಿಲ್ಲುತ್ತವೆ. ಹಾಗಾಗಿ ನಾನೂ ಒಪ್ಪಿಕೊಂಡೆ.

ಜೋಡಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಡಿಭಾಗಗಳನ್ನು ಫ್ರೇಮಿನಿಂದ ಕತ್ತರಿಸಿ, ಅಂಚು ಉಜ್ಜಿ, ಅಂಟಿಸುತ್ತಾ ಹೋಗುವುದು. ಈ ಅಂಟು ಫೆವಿಕಾಲ್ ತರಹದ್ದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಸಂದಿನ ಬಾಯಿಗೆ ಬ್ರಷ್ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದುಕೊಳ್ಳುತ್ತದೆ. ಆಮೇಲೆ ಗಾಳಿ ಎಳೆದುಕೊಳ್ಳುವ ಎರಡು ದೊಡ್ಡ ಬಾಯಿಗಳು ಹೊಟ್ಟೆಗೆ ಸೇರುವ ಕಡೆ ಪುಟ್ಟಿ ತುಂಬಿ, ವಾಟರ್ ಪೇಪರ್‌ನಲ್ಲಿ ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ... ಇದರಲ್ಲಿ ರಸ ಏನಿಲ್ಲ. ರಸ ಇರುವುದು ಬಣ್ಣದಲ್ಲಿ.

ಬಣ್ಣದ ಭಾನುವಾರ ಬೆಳಿಗ್ಗೆ ಬೇಗ ಎದ್ದೆ. ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮಳೆ ಸಾಮಾನ್ಯವಾಗಿ ಸಂಜೆಗೆ ಬರುವುದು. ಗಾಳಿಯಲ್ಲಿ ತೇವ ಏರಿದರೆ ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುತ್ತದೆ. ಬಿಸಿಲು ಬಿದ್ದು ತೇವ ಆರಬೇಕು, ರಸ್ತೆಯಲ್ಲಿ ಓಡಾಟ ಶುರುವಾಗಿ ಧೂಳು ಏಳಬಾರದು, ಆ ನಡುವಿನ ಹೊತ್ತು ನನ್ನದು. ಟೆರೇಸಿನ ಮೂಲೆಯ ಚಿಕ್ಕ ರೂಮಿನಲ್ಲಿ ಕಂಪ್ರೆಸರ್, ಏರ್‌ಬ್ರಷ್, ಮಾಸ್ಕ್ ಎಲ್ಲ ರೆಡಿ.

ಮೈಸೂರಿಗೆ ಬಣ್ಣ ಹೊಸದೇನಲ್ಲ ಬಿಡಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದ ಇಲ್ಲಿನ ಬಣ್ಣದ ಕಾರ್ಖಾನೆಯಿಂದಲೇ ಇಡೀ ದೇಶದ ಮತದಾರರ ಬೆರಳಿಗೆ ಶಾಯಿ ಹೋಗುತ್ತದೆ. ಆ ಬಣ್ಣದ ಕೆಲಸ ಎದ್ದು ಕಾಣುವುದು, ಬೇಗ ಅಳಿಯದೆ ಇರುವುದು. ನನ್ನ ಬಣ್ಣದ್ದು ಪೂರಾ ಉಲ್ಟಾ. ಇವತ್ತಿನ ಫೈಟರ್‌ಗಳಿಗೆ ಬೂದು ಬಳಿಯುವುದೇ ಕಣ್ಣಿಗೆ ಬೀಳಬಾರದು ಅಂತ. ಆಕಾಶ ಹಿಂದೆ ಇದ್ದರೂ ಮೋಡ ಹಿಂದೆ ಇದ್ದರೂ ಅದರಲ್ಲೇ ಬೆರೆತು ಹೋಗಬೇಕು. ಬಿಸಿಲಿಗೆ ಮಿಂಚಬಾರದು ಅಂತ ಹೊಳಪನ್ನೂ ತೆಗೆದಿರುತ್ತಾರೆ. ಅಪ್ಪ ಮೆಟ್ಟಿಲು ಹತ್ತಿ ಬಂದು, "ಮಿಗ್-21 ಬೆಳ್ಳಿ ಥರ ಪಳಪಳ ಅಂತಿತ್ತಲ್ಲಪ್ಪ, ಅದನ್ನೇ ಮಾಡಬಾರದಿತ್ತಾ?" ಅಂದರು. ಅವರ ನೆನಪು ಸರಿಯೇ. 1963ರಲ್ಲಿ ಬಂದಾಗ ಆ ವಿಮಾನಗಳು ಬಣ್ಣವೇ ಇಲ್ಲದೆ ಬರೀ ಲೋಹದ ಮೈಯಲ್ಲೇ ಹಾರುತ್ತಿದ್ದವು. ಮರೆಮಾಚುವ ಬಣ್ಣ ಆಮೇಲೆ ಬಂತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳುವ ಹೊತ್ತಿಗೆ ಆ ಬೆಳ್ಳಿ ಯಾವ ಕಾಲದ್ದೋ ಆಗಿತ್ತು.

ಕಾಣಬಾರದ ಬಣ್ಣವನ್ನು ನೋಡುವವರಿಗಾಗಿ ಹಚ್ಚುವುದು ಹೇಗೆ? ಒಂದೇ ಬೂದನ್ನು ಮೈತುಂಬ ಹೊಡೆದುಬಿಟ್ಟರೆ ವಿಮಾನ ಸತ್ತಂತೆ ಕಾಣುತ್ತದೆ, ಆಟದ ಸಾಮಾನಿನ ಹಾಗೆ. ನಿಜವಾದ ಸುಖೋಯ್ ಫೋಟೋ ಹತ್ತಿರದಿಂದ ನೋಡಿ. ಬಿಸಿಲಿಗೆ ಮಾಸಿದ ಜಾಗ ಒಂದು ಬೂದು. ರಿಪೇರಿ ಮಾಡಿ ಹೊಸದಾಗಿ ಬಳಿದ ಮುಚ್ಚಳ ಇನ್ನೊಂದು. ಕೆಲಸಗಾರರು ಹತ್ತಿ ಇಳಿಯುವ ಕಡೆ ಎಣ್ಣೆ, ಬೂಟಿನ ಕೊಳೆ ಸೇರಿ ಮತ್ತೊಂದು.

ಅದಕ್ಕೇ ಮೊದಲು ವಿಮಾನಕ್ಕೆ ಪೂರ್ತಿ ಕಪ್ಪು ಹೊಡೆಯುತ್ತೇನೆ. ಅದನ್ನು ನೋಡಿ ಅಪ್ಪ ಏನೂ ಅನ್ನದೆ ಕೆಳಗೆ ಹೋದರು. ಕಪ್ಪು ಆರಿದ ಮೇಲೆ ಬೂದನ್ನು ತುಂಬ ತೆಳ್ಳಗೆ ಮಾಡಿಕೊಂಡು, ಏರ್‌ಬ್ರಷ್ಷಿನ ಮೂತಿಯನ್ನು ಮೈಗೆ ಮುಟ್ಟುವಷ್ಟು ಹತ್ತಿರ ಹಿಡಿದು, ವಿಮಾನದ ಮೈಮೇಲಿನ ತಗಡಿನ ಒಂದೊಂದು ಚೌಕದ ಒಳಗೂ ಅಂಕುಡೊಂಕಾಗಿ ಗೀಚುವುದು. ಗೆರೆಗಳ ನಡುವೆ ಕಪ್ಪು ಇಣುಕುತ್ತಲೇ ಇರಬೇಕು. ಎಲ್ಲ ಚೌಕ ತುಂಬಿದ ಮೇಲೆ ಅದೇ ಬೂದನ್ನು ಇನ್ನೂ ತೆಳು ಮಾಡಿ, ದೂರದಿಂದ ಪೂರ್ತಿ ಮೈಗೆ ಹಗುರವಾಗಿ ಹಾಯಿಸಬೇಕು. ಗೀಚು ಮುಚ್ಚಿಹೋಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಾಗಬೇಕು, ಹೇಳಿಕೊಡಲು ಆಗುವುದಿಲ್ಲ. ನನಗೆ ಥಿನ್ನರ್ ಬೆರೆಸುವ ಹದ ಕಲಿಸಿದ್ದು ಕಾರ್ ಪೇಂಟಿಂಗ್ ಶೆಡ್ಡಿನ ಒಬ್ಬ ಹುಡುಗ. "ತುಂಬೋಕೆ ಹೋಗ್ಬೇಡಿ ಸಾರ್, ಆವಿ ಬಿಟ್ಟ ಹಾಗೆ ಬಿಡಿ" ಅಂದಿದ್ದ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಎಲ್ಲೂ ಕೇಳಿಲ್ಲ.

ಇನ್ನೊಂದು ಗುಟ್ಟಿದೆ. ನಿಜವಾದ ವಿಮಾನದ ಬಣ್ಣವನ್ನೇ ಅಳೆದು ತಂದು ಹಚ್ಚಿದರೆ ಪುಟ್ಟ ಮಾದರಿಯ ಮೇಲೆ ಅದು ಕಡು ಅನ್ನಿಸುತ್ತದೆ. ದೊಡ್ಡ ವಿಮಾನವನ್ನು ನಾವು ದೂರದಿಂದ ನೋಡುತ್ತೇವೆ, ನಡುವಿನ ಗಾಳಿಯೇ ಬಣ್ಣವನ್ನು ತಿಳಿಯಾಗಿಸುತ್ತದೆ. ಮೇಜಿನ ಮೇಲೆ ಆ ಗಾಳಿ ಇಲ್ಲ. ಅದಕ್ಕೆ ಬೂದಿಗೆ ಸ್ವಲ್ಪ ಬಿಳಿ ಬೆರೆಸಲೇಬೇಕು.

ನನಗೆ ಇಷ್ಟದ ಜಾಗ ಮಾತ್ರ ಹಿಂಬದಿ. ಸುಖೋಯ್‌ನ ಎರಡು ಎಂಜಿನ್‌ಗಳ ಸುತ್ತ ಬೂದು ಇಲ್ಲ, ಬರೀ ಲೋಹ. ಅಲ್ಲಿನ ಬಿಸಿಗೆ ಲೋಹ ಬಣ್ಣ ತಿರುಗುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬೆಳ್ಳಿಯ ಮೇಲೆ ಪಾರದರ್ಶಕ ಹಳದಿ, ಕಂದು, ನೀಲಿಯನ್ನು ಒಂದರ ಮೇಲೊಂದು ಚೂರು ಚೂರೇ ಹಾಯಿಸುತ್ತಾ ಕೂತೆ. ಕೆಳಗಿನಿಂದ ತಿಂಡಿಗೆ ಕರೆ ಬಂದಿದ್ದು ಕೇಳಿಸಿತ್ತು. ದೋಸೆ ತಣ್ಣಗಾದರೂ ನಡೆಯುತ್ತದೆ, ಕಪ್‌ನಲ್ಲಿರುವ ಬಣ್ಣ ಗಟ್ಟಿಯಾದರೆ ನಡೆಯುವುದಿಲ್ಲ.

ಆಮೇಲಿನದೆಲ್ಲ ವಾರದ ದಿನಗಳ ಸಂಜೆ ಕೆಲಸ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್, ಅಂದರೆ ಗುರುತು ಚಿಹ್ನೆಗಳ ತೆಳು ಸ್ಟಿಕ್ಕರ್. ಒರಟು ಮೈ ಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಅದಕ್ಕೇ ಮೊದಲು ಹೊಳಪು. ಕೇಸರಿ, ಬಿಳಿ, ಹಸಿರಿನ ವೃತ್ತ ರೆಕ್ಕೆ ಮೇಲೆ ಕೂತಾಗ ವಿಮಾನ ನಮ್ಮದಾಯಿತು. ಕೊನೆಗೆ ಮ್ಯಾಟ್ ವಾರ್ನಿಷ್ ಹೊಡೆದು ಇಷ್ಟು ಹೊತ್ತು ತಂದ ಹೊಳಪನ್ನೆಲ್ಲ ನಾನೇ ಅಳಿಸಿದೆ.

ಗೊಂಬೆ ಕೂರಿಸುವ ದಿನ ಹೆಮ್ಮೆಯಿಂದ ಕೆಳಗೆ ತಂದಿಟ್ಟೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಹಿಂದೆ ಮುಂದೆ ನೋಡಿದರು. "ಚೆನ್ನಾಗಿದೆ ಕಣೋ. ಬಣ್ಣ ಯಾವಾಗ ಹಚ್ತೀಯ?"

ಅವರ ತಪ್ಪೇನಿಲ್ಲ. ಮೇಲಿನ ಮೆಟ್ಟಿಲಲ್ಲಿ ಜರಿ ಉಟ್ಟ ಪಟ್ಟದ ಗೊಂಬೆಗಳು, ಅದರ ಕೆಳಗೆ ಹಸಿರು, ಕೆಂಪು, ಬಂಗಾರದ ದಶಾವತಾರ, ಅಂಬಾರಿ ಮೆರವಣಿಗೆ, ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟರು-ಶೆಟ್ಟಮ್ಮ. ಅವರ ನಡುವೆ ನನ್ನ ಸುಖೋಯ್ ಕಾಣಲೇ ಇಲ್ಲ. ಬಣ್ಣ ತನ್ನ ಕೆಲಸ ಮಾಡಿತ್ತು ಅಂತ ನಾನು ಸಮಾಧಾನ ಮಾಡಿಕೊಂಡೆ. ಇನ್ನೊಂದು ತೊಂದರೆ ಅಳತೆಯದು. ಶೆಟ್ಟರ ಗೊಂಬೆ ಏಳು ಇಂಚು. 1/72ರ ಲೆಕ್ಕ ಹಿಡಿದರೆ ಶೆಟ್ಟರು 42 ಅಡಿ ಎತ್ತರ. ಅವರು ಎದ್ದು ನಿಂತರೆ ವಿಮಾನವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಅಕ್ಕನ ಮಗನಿಗೆ ಈ ಲೆಕ್ಕ ಹೇಳಿದ್ದೇ ತಡ, ಬಂದವರಿಗೆಲ್ಲ ಅವನು ತೋರಿಸಿದ್ದು ವಿಮಾನವನ್ನಲ್ಲ, ಶೆಟ್ಟರನ್ನು.

ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅಮ್ಮನ ಪ್ರಶ್ನೆಯನ್ನೇ ಕೇಳಿದರು. ಪಕ್ಕದ ಮನೆ ಆಂಟಿ, "ದಸರಾಗೆ ಬನ್ನಿಮಂಟಪದಲ್ಲಿ ಹಾರಿಸಿದ್ರಲ್ಲ, ಕೆಂಪು ಬಿಳಿ, ಅದು ಎಷ್ಟು ಚೆಂದ ಇತ್ತು" ಅಂದರು. ಅದು ಸೂರ್ಯಕಿರಣ್ ತಂಡದ ಹಾಕ್, ಜನ ನೋಡಲಿ ಅಂತಲೇ ಬಣ್ಣ ಬಳಿದ ವಿಮಾನ, ಇದು ಹಾಗಲ್ಲ ಆಂಟಿ ಅಂತ ವಿವರಿಸಲು ಹೋದೆ. ಅವರು ಕೋಸಂಬರಿ ತಗೊಂಡು ಹೊರಟೇಬಿಟ್ಟರು.

ಆಯುಧ ಪೂಜೆಯ ದಿನ ಸ್ಕೂಟರ್, ಮಿಕ್ಸಿ, ಈಳಿಗೆಮಣೆ, ನನ್ನ ಕಂಪ್ರೆಸರ್ ಎಲ್ಲ ಮುಗಿಸಿ ಅಮ್ಮ ಕುಂಕುಮದ ಬಟ್ಟಲು ಹಿಡಿದು ಸುಖೋಯ್ ಹತ್ತಿರ ಬಂದರು.

"ಅಮ್ಮಾ, ಬೇಡ. ಮ್ಯಾಟ್ ಮೇಲೆ ಕುಂಕುಮ ಬಿದ್ರೆ ಹೋಗಲ್ಲ."

"ಯಾಕೆ ಹೋಗ್ಬೇಕು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಹತ್ತಿರ ಮಾತ್ರ ಪುರಾವೆ ಸಮೇತ ಇತ್ತು. "ಫ್ರಾನ್ಸಿಗೆ ಹೋಗಿ ರಫೇಲ್‌ಗೆ ಪೂಜೆ ಮಾಡ್ಲಿಲ್ವಾ? ಚಕ್ರದ ಕೆಳಗೆ ನಿಂಬೆಹಣ್ಣು ಇಡ್ಲಿಲ್ವಾ?" ನಿಜ. 2019ರ ವಿಜಯದಶಮಿಯಂದು ರಾಜನಾಥ್ ಸಿಂಗ್ ಮೊದಲ ರಫೇಲ್ ಪಡೆದಾಗ ಮಾಡಿದ್ದು ಅದನ್ನೇ. ಟಿವಿಯಲ್ಲಿ ನಾವೆಲ್ಲ ನೋಡಿದ್ದೆವು.

ರಾಜಿ ಹೀಗಾಯಿತು. ಕುಂಕುಮ ರಟ್ಟಿನ ರನ್‌ವೇಗೆ. ಸೇವಂತಿಗೆಯ ಒಂದು ಎಸಳು ಮೂಗಿನ ಮೇಲೆ. ನಿಂಬೆಹಣ್ಣಿಗೆ ಮಾತ್ರ ನಾನು ಅಳತೆ ಬಿಟ್ಟುಕೊಡಲಿಲ್ಲ. ಚಕ್ರವೇ ಒಂದೂವರೆ ಸೆಂಟಿಮೀಟರ್ ಇಲ್ಲ, ಅದರ ಅಡಿಗೆ ಇಡೀ ಹಣ್ಣು ತುರುಕಿದರೆ ಕಾಲೇ ಮುರಿಯುತ್ತದೆ. 1/72ರಲ್ಲಿ ನಿಂಬೆಹಣ್ಣು ಎಷ್ಟಾಗುತ್ತದೆ ಅಂತ ಅಕ್ಕನ ಮಗ ಫೋನಿನಲ್ಲಿ ಭಾಗಿಸಿ ನೋಡಿದ. ಅರ್ಧ ಮಿಲಿಮೀಟರ್ ಚಿಲ್ಲರೆ. ಅಮ್ಮ ಒಳಗೆ ಹೋಗಿ ಒಗ್ಗರಣೆ ಡಬ್ಬಿಯಿಂದ ಸಾಸಿವೆ ತಂದರು.

"ಇದೂ ಸ್ವಲ್ಪ ದೊಡ್ಡದೇ ಅಜ್ಜಿ" ಅಂದ ಅವನು.

"ಇರ್ಲಿ ಬಿಡೋ, ಗಜನಿಂಬೆ ಅಂದ್ಕೋ" ಅಂದು ಅಮ್ಮ ಚಕ್ರದ ಮುಂದೆ ಒಂದೊಂದು ಕಾಳು ಇಟ್ಟರು.